ದೇವರನ್ನು ಬೈಯುವ ದಿನ

ಹುಣಸೂರಿನಿಂದ ನಾಗರಹೊಳೆಯತ್ತ ಸಾಗುವ ರಸ್ತೆ ಕಾಡನ್ನು ಹೊಗುವ ಎಡೆಯಲ್ಲಿ ವೀರನಹೊಸಹಳ್ಳಿ ಎಂಬ ಊರಿದೆ. ಊರು ಚಿಕ್ಕದು, ಹೆಸರು ದೊಡ್ಡದು. ಮೈಸೂರಿನ ದಸರೆಗೆ ಹೋಗುವ ಆನೆಗಳ ಗಜಪಯಣ ವಾಡಿಕೆಯಂತೆ ಆರಂಭವಾಗುವುದು ಇಲ್ಲಿಂದಲೇ. ಅಂದು ಆನೆಗಳಿಗೆ ಪೂಜೆ ಸಲ್ಲುತ್ತದೆ, ಮಂಗಳವಾದ್ಯ ಮೊಳಗುತ್ತದೆ, ಗಣ್ಯರು ಹೂವೆರಚುತ್ತಾರೆ, ಮರುದಿನ ಪತ್ರಿಕೆಗಳಲ್ಲಿ ಚಿತ್ರಗಳು ಅಚ್ಚಾಗುತ್ತವೆ. ಆನೆಯನ್ನು ನೋಡಲು ಬಂದ ಸಾವಿರ ಕಣ್ಣುಗಳಲ್ಲಿ ಅದರ ಕೊರಳ ಮೇಲೆ ಕುಳಿತ ಮಾವುತನನ್ನೂ ಪಕ್ಕದಲ್ಲಿ ನಡೆಯುವ ಕಾವಾಡಿಯನ್ನೂ ನಿಟ್ಟಿಸಿ ನೋಡುವ ಕಣ್ಣುಗಳು ಕೆಲವೇ. ಅವರಲ್ಲಿ ಹಲವರು ಜೇನುಕುರುಬರು, ಈ ಕಾಡಿನ ಹಳೆಯ ಮಕ್ಕಳು.

ಜೇನುಕುರುಬರಿಗೆ ದಸರೆಗಿಂತಲೂ ಹತ್ತಿರವಾದ ಹಬ್ಬ ಇನ್ನೊಂದು ಉಂಟು. ಅದಕ್ಕೆ ಆಹ್ವಾನಪತ್ರಿಕೆಯಿಲ್ಲ. ಅದರ ಮಂಗಳವಾದ್ಯವೆಂದರೆ ತುಕ್ಕುಹಿಡಿದ ಸೀಮೆಎಣ್ಣೆಯ ಡಬ್ಬ ಮತ್ತು ಒಣಗಿದ ಸೋರೆಬುರುಡೆ. ಮೇ ತಿಂಗಳ ಕೊನೆಯ ಭಾಗದ ಒಂದು ಗುರುವಾರ, ಮುಂಗಾರಿನ ಮೊದಲ ಮೋಡಗಳು ಪಡುವಣ ಬೆಟ್ಟಗಳ ನೆತ್ತಿಗೆ ಬರುವ ಹೊತ್ತಿನಲ್ಲಿ, ದಕ್ಷಿಣ ಕೊಡಗಿನ ತಿತಿಮತಿ, ಗೋಣಿಕೊಪ್ಪಲುಗಳ ಬೀದಿಗಳೆಲ್ಲ ಆ ಡಬ್ಬಗಳ ಸದ್ದಿನಿಂದ ತುಂಬಿಹೋಗುತ್ತವೆ. ಗಂಡಸರು ಸೀರೆಯುಟ್ಟು, ಮುಖಕ್ಕೆ ಮಸಿ ಬಳಿದು, ದಾರಿಹೋಕರನ್ನು ತಡೆದು ಕಾಸು ಬೇಡುತ್ತಾರೆ. ಬೇಡುವುದೆಂದರೆ ಕೈಮುಗಿದು ಬೇಡುವುದಲ್ಲ, ಬೈದು ಬೇಡುವುದು. ಈ ಹಬ್ಬಕ್ಕೆ ಬೇಡು ಹಬ್ಬವೆಂದೂ ಕುಂಡೆ ಹಬ್ಬವೆಂದೂ ಹೆಸರು. ಎರಡನೆಯ ಹೆಸರಿನ ಅರ್ಥವನ್ನು ಅತಿಥಿಗಳು ಕೇಳಿದರೆ ಮರ್ಯಾದಸ್ಥರು ನಕ್ಕು ಮಾತು ಬದಲಿಸುವುದುಂಟು. ಮನುಷ್ಯನು ಕುಳಿತುಕೊಳ್ಳಲು ಬಳಸುವ ಅಂಗದ ಹೆಸರು ಅದು, ಅಷ್ಟೆ. ಆ ದಿನದ ಹಾಡುಗಳ ಪಲ್ಲವಿಯಲ್ಲಿ ಅದು ಮತ್ತೆ ಮತ್ತೆ ಬರುವುದರಿಂದ ಹಬ್ಬಕ್ಕೂ ಅದೇ ಹೆಸರು ನಿಂತಿತು.

ವೀರನಹೊಸಹಳ್ಳಿಯ ಸಮೀಪದ ಪುನರ್ವಸತಿ ಹಾಡಿಯಲ್ಲಿ ಈಗ ನೆಲೆಸಿರುವ ನಡುವಯಸ್ಸಿನ ಕೂಲಿಗಾರನೊಬ್ಬನ ಬಾಲ್ಯವೆಲ್ಲ ಈ ಹಬ್ಬಕ್ಕೆ ಹೆಣೆದುಕೊಂಡಿದೆ. ಅವನು ಹುಟ್ಟಿದ್ದು ಕಾಡಿನ ಒಳಗಣ ಹಾಡಿಯಲ್ಲಿ. ಬೆಳೆದದ್ದು ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಕೊಡಗಿನ ಕಾಫಿತೋಟದ ಲೈನ್ ಮನೆಯಲ್ಲಿ. ಹಣ್ಣು ಬಿಡಿಸುವ ಕಾಲ ಬಂತೆಂದರೆ ಹಾಡಿಗೆ ಹಾಡಿಯೇ ಬರಿದಾಗುತ್ತಿತ್ತು. ಮಡಕೆ, ಕಂಬಳಿ, ಕೋಳಿಗಳೊಂದಿಗೆ ಎಲ್ಲರೂ ತೋಟದ ಲಾರಿಯನ್ನೇರುತ್ತಿದ್ದರು. ಬೇಸಗೆಯಲ್ಲಿ ಹೆಜ್ಜೇನಿನ ಕಾಲಕ್ಕೆ ಮತ್ತೆ ಕಾಡು. ಆ ಹುಡುಗನಿಗೆ ವಾರ ತಿಂಗಳುಗಳ ಲೆಕ್ಕ ತಿಳಿದಿರಲಿಲ್ಲ. ಮರದ ತುದಿಯಲ್ಲಿ ತಟ್ಟೆಯಂತೆ ತೂಗುವ ಜೇನುಹುಟ್ಟುಗಳು ಭಾರವಾದವೆಂದರೆ ಹಬ್ಬ ಬಂತೆಂದು ಮಾತ್ರ ಅವನು ಬಲ್ಲನು. ಇರುಳಿನಲ್ಲಿ ತಂದೆ ಮರವೇರಿ ಹೊಗೆಯ ಸೂಡಿಯನ್ನು ಆಡಿಸುವಾಗ ಕಿಡಿಗಳು ಉದುರುತ್ತಿದ್ದವು. ಕೆಳಗೆ ನಿಂತವರು ಹಾಡುತ್ತಿದ್ದರು. ಜೇನನ್ನು ಮಾರಿದ ಹಣದಲ್ಲಿ ಅಕ್ಕಿಯೂ ಉಪ್ಪೂ ಬರುತ್ತಿದ್ದವು. ಹಬ್ಬಕ್ಕೆಂದು ಹಣ ಕೂಡಿಡುವ ಪದ್ಧತಿ ಇರಲಿಲ್ಲ. ಕೂಡಿಡಬೇಕಾದದ್ದಾದರೂ ಏಕೆ? ಅದು ಬೇಡಿ ಮಾಡುವ ಹಬ್ಬವಲ್ಲವೆ!

ಕೂಡಿಡಬೇಕಾದದ್ದು ಬೇರೆ ಸಾಮಗ್ರಿ. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಮಕ್ಕಳ ಹುಡುಕಾಟ ಮೊದಲಾಗುತ್ತಿತ್ತು. ತೂತುಬಿದ್ದ ಡಬ್ಬ, ಒಡೆದ ಕೊಡ, ಹರಿದ ಗೋಣಿಚೀಲ, ಸಾಹುಕಾರರ ಮನೆಯವರು ತಿಪ್ಪೆಗೆಸೆದ ಟೋಪಿ, ಒಂದೇ ಕಾಲಿನ ಬೂಟು, ಗಾಜಿಲ್ಲದ ಕನ್ನಡಕ, ಇವೆಲ್ಲವೂ ನಿಧಿಗೆ ಸಮಾನ. ಸೋರೆಬುರುಡೆಯನ್ನು ಒಣಗಿಸಿ ಅದರೊಳಗೆ ಕಲ್ಲುಹರಳು ತುಂಬಿ ಅಲ್ಲಾಡಿಸುವ ಕೆಲಸ ಅಜ್ಜಿಯದು. ಬುರುಡೆಯನ್ನು ಕಿವಿಯ ಬಳಿ ಹಿಡಿದು, "ಇದರ ಸದ್ದು ಇನ್ನೂ ಹಸಿಯಾಗಿದೆ" ಎಂದು ಅವಳು ಮರಳಿ ಬಿಸಿಲಿಗಿಡುತ್ತಿದ್ದಳು. ಸದ್ದು ಹಸಿಯಾಗಿರುವುದೆಂದರೇನು ಎಂಬುದು ಹುಡುಗನಿಗೆ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಅವ್ವನಿಗೆ ಇದ್ದದ್ದು ಎರಡೇ ಸೀರೆ. ಅದರಲ್ಲಿ ಮೇಲಾದುದನ್ನು ಹಬ್ಬದ ದಿನ ಅಪ್ಪ ಉಡುತ್ತಿದ್ದನು. ಅವ್ವ ಹಳೆಯದನ್ನು ಸುತ್ತಿಕೊಂಡು ಅವನಿಗೆ ನೆರಿಗೆ ಹಿಡಿದು ಕೊಡುತ್ತಿದ್ದಳು. ಮೀಸೆಯ ಅಪ್ಪ ಸೆರಗು ಹೊದ್ದು ನಿಂತಾಗ ಮಕ್ಕಳು ಮೊದಲು ಅಂಜಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಕ್ಕಳ ಮುಖಕ್ಕೆ ಇದ್ದಿಲು, ಸುಣ್ಣ, ಕೆಮ್ಮಣ್ಣು. ಕನ್ನಡಿ ಹಾಡಿಗೊಂದೇ ಇದ್ದುದರಿಂದ ತನ್ನ ಮುಖ ಹೇಗಾಗಿದೆ ಎಂಬುದನ್ನು ಪ್ರತಿಯೊಬ್ಬನೂ ಇನ್ನೊಬ್ಬನ ನಗೆಯಿಂದಲೇ ತಿಳಿಯಬೇಕಾಗಿತ್ತು.

ದೇವರನ್ನು ಏಕೆ ಬೈಯಬೇಕೆಂಬ ಕಥೆಯನ್ನು ಹೇಳುವುದೂ ಅಜ್ಜಿಯ ಹಕ್ಕು. ಒಂದು ಕಾಲದಲ್ಲಿ ಅಯ್ಯಪ್ಪ ದೇವರು ಕಾಡಿನ ಜನರನ್ನು ಜೊತೆಗೆ ಕರೆದುಕೊಂಡು ಬೇಟೆಗೆ ಹೊರಟನು. ದೇವರೇ ಜೊತೆಗಿದ್ದಾನೆಂಬ ಧೈರ್ಯದಿಂದ ಜನ ದಾರಿಯ ಗುರುತನ್ನೂ ಇಟ್ಟುಕೊಳ್ಳದೆ ಹಿಂದೆ ಹಿಂದೆ ನಡೆದರು. ನಡುಗಾಡಿನಲ್ಲಿ ಭದ್ರಕಾಳಿ ಎದುರಾದಳು. ಅವಳನ್ನು ಕಂಡ ದೇವರು ಮೋಹಗೊಂಡು, ಜೊತೆಗಾರರನ್ನು ಮರೆತು, ಅವಳ ಸಂಗಡ ಹೊರಟೇಹೋದನು. ನಡುಗಾಡಿನಲ್ಲಿ ಉಳಿದ ಜನ ಕಾದರು, ಕೂಗಿದರು, ಕೊನೆಗೆ ಬೈದರು. ಆ ಬೈಗುಳವೇ ಹಬ್ಬವಾಯಿತು. ದೇವರಪುರದಲ್ಲಿ ಅಯ್ಯಪ್ಪನಿಗೂ ಭದ್ರಕಾಳಿಗೂ ಗುಡಿಯಿದೆ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಕೈಬಿಟ್ಟ ದೇವರ ಮುಖದೆದುರಿಗೇ ಲೆಕ್ಕ ಕೇಳಿ ಬರಬೇಕು.

"ದೇವರು ಆಮೇಲೆ ಹಿಂದಿರುಗಿ ಬರಲಿಲ್ಲವೆ, ಅಜ್ಜಿ?" ಎಂದು ಹುಡುಗನು ಕೇಳಿದನು.

"ಬಂದಿದ್ದರೆ ನಿನ್ನ ಅಪ್ಪ ಸೀರೆ ಏಕೆ ಉಡುತ್ತಿದ್ದ?" ಎಂದಳು ಅಜ್ಜಿ.

ಕಥೆ ಕೇಳಿದವರು ಇದನ್ನು ಭಕ್ತಿಯಿಲ್ಲದ ಜನರ ಕಥೆಯೆಂದು ಭಾವಿಸಬಾರದು. ನಂಬಿಕೆ ಇಲ್ಲದವರು ಬೈಯುವುದಿಲ್ಲ. ಸುಮ್ಮನೆ ಬೇರೆ ದಾರಿ ಹಿಡಿಯುತ್ತಾರೆ. ವಚನಕಾರರೂ ದಾಸರೂ ತಮ್ಮ ದೇವರೊಡನೆ ಜಗಳವಾಡಿದ್ದಾರೆ, ಹಂಗಿಸಿದ್ದಾರೆ. ನಾವು ಅದನ್ನು ನಿಂದಾಸ್ತುತಿಯೆಂದು ಕರೆದು ಗೌರವದಿಂದ ಓದುತ್ತೇವೆ. ಜೇನುಕುರುಬರದು ಬರೆದಿಡದ ನಿಂದಾಸ್ತುತಿ, ಸ್ವಲ್ಪ ಖಾರ ಹೆಚ್ಚು.

ಹಬ್ಬದ ದಿನ ಬೆಳಗಾಗುವ ಮೊದಲೇ ತಂಡಗಳು ಹೊರಡುತ್ತಿದ್ದವು. ಜೇನುಕುರುಬರಲ್ಲದೆ ಬೆಟ್ಟಕುರುಬರೂ ಯರವರೂ ಬೇರೆ ಬೇರೆ ಹಾಡಿಗಳಿಂದ, ತೋಟಗಳಿಂದ ಇಳಿದುಬರುತ್ತಿದ್ದರು. ಅಂಗಡಿಯೆಂದಿಲ್ಲ, ಹೋಟೆಲೆಂದಿಲ್ಲ, ರಸ್ತೆಯ ಮೇಲಿನ ಬಸ್ಸೆಂದಿಲ್ಲ, ಎಲ್ಲ ಬಾಗಿಲುಗಳೂ ಅಂದು ಅವರಿಗೆ ಸೇರಿದವು. ಹುಡುಗನು ಅಪ್ಪನ ಸೆರಗಿನ ತುದಿಯನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬುರುಡೆಯನ್ನು ಅಲ್ಲಾಡಿಸುತ್ತ ನಡೆಯುತ್ತಿದ್ದನು. ಹಾಡಿನ ಮಾತುಗಳು ಅವನಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಬೇರೆ ದಿನ ಆಡಿದರೆ ಅವ್ವ ಬಾಯಿಗೆ ಮೆಣಸು ತುರುಕುವ ಮಾತುಗಳು ಅವು ಎಂಬಷ್ಟು ಮಾತ್ರ ಬಲ್ಲನು. ಅವುಗಳನ್ನು ಗಂಟಲು ಬಿಚ್ಚಿ ಕೂಗಿದಷ್ಟೂ ದೊಡ್ಡವರು ನಗುತ್ತಿದ್ದರು. ಯಾವ ಮಗುವಿಗೆ ತಾನೆ ಇದಕ್ಕಿಂತ ದೊಡ್ಡ ಹಬ್ಬ ಬೇಕು?

ಒಂದು ವರ್ಷದ ಹಬ್ಬವಂತೂ ಅವನ ನೆನಪಿನಲ್ಲಿ ಇಂದಿಗೂ ಮಾಸಿಲ್ಲ. ಅವನಿಗೆ ಆಗ ಏಳೆಂಟು ವರ್ಷವಿದ್ದೀತು. ತೋಟದ ಧಣಿಯ ಜೀಪು ತಿತಿಮತಿಯ ರಸ್ತೆಯಲ್ಲಿ ಬರುತ್ತಿತ್ತು. ಆ ಜೀಪಿನ ಸದ್ದು ಕೇಳಿದರೆ ವರ್ಷದ ಉಳಿದೆಲ್ಲ ದಿನಗಳಲ್ಲಿ ಅಪ್ಪ ತಲೆಯ ವಸ್ತ್ರವನ್ನು ತೆಗೆದು ಕಂಕುಳಲ್ಲಿ ಇರಿಸಿಕೊಂಡು ದಾರಿಯ ಬದಿಗೆ ಸರಿದು ನಿಲ್ಲುತ್ತಿದ್ದನು. ಧಣಿ ಮಾತನಾಡಿಸಿದರೆ ನೆಲವನ್ನು ನೋಡುತ್ತ ಉತ್ತರ ಕೊಡುತ್ತಿದ್ದನು. ಮುಂಗಡದ ಲೆಕ್ಕದಲ್ಲಿ ಏನು ಬರೆದಿದೆಯೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಓದಲು ಅಕ್ಷರವೂ ಇರಲಿಲ್ಲ. ಹುಡುಗನು ತನ್ನ ಅಪ್ಪನನ್ನು ಕಂಡದ್ದು ಎರಡೇ ರೂಪದಲ್ಲಿ: ಮರದ ತುದಿಯಲ್ಲಿ ನಿರ್ಭಯನಾಗಿ, ಜೀಪಿನ ಮುಂದೆ ಕುಗ್ಗಿ. ಅಂದು ಜೀಪಿನ ಸದ್ದು ಕೇಳುತ್ತಲೇ ಅವನು ಅಭ್ಯಾಸಬಲದಿಂದ ದಾರಿಯ ಬದಿಗೆ ಓಡಿದನು. ತಿರುಗಿ ನೋಡಿದರೆ ಅಪ್ಪ ರಸ್ತೆಯ ನಡುವೆ ನಿಂತಿದ್ದನು. ಅವ್ವನ ಸೀರೆ, ಮಸಿ ಬಳಿದ ಮುಖ, ಸೊಂಟದ ಮೇಲೆ ಕೈ. ಜೀಪು ನಿಂತಿತು. ಅಪ್ಪ ಡಬ್ಬ ಬಡಿಯುತ್ತ, ಕುಣಿಯುತ್ತ, ಧಣಿಯ ಮೂಗಿನಿಂದ ಮೊದಲುಮಾಡಿ ಅವನ ಬೂಟಿನವರೆಗೆ ಒಂದೊಂದನ್ನೂ ಹೆಸರಿಸಿ ಬೈದನು. ತೋಟದ ಕೂಲಿಯ ದರವನ್ನೂ ಹಾಡಿನ ನಡುವೆ ಸೇರಿಸಿ ಬೈದನು. ಕೈಯೊಡ್ಡಿದನು.

ಹುಡುಗನ ಎದೆ ಡಬ್ಬಕ್ಕಿಂತ ಗಟ್ಟಿಯಾಗಿ ಹೊಡೆದುಕೊಳ್ಳುತ್ತಿತ್ತು. ಅಪ್ಪನನ್ನು ಕೊಂದೇಬಿಡುತ್ತಾರೆಂದು ಅವನು ಕಣ್ಣು ಮುಚ್ಚಿದನು. ಕಿವಿಗೆ ಬಿದ್ದದ್ದು ನಗೆ. ಧಣಿ ನಗುತ್ತಿದ್ದನು, ಪಕ್ಕದಲ್ಲಿದ್ದ ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಜೇಬಿನಿಂದ ಬಂದ ನೋಟು ಅಪ್ಪನ ಕೈ ಸೇರಿತು. "ಇಷ್ಟೇನಾ?" ಎಂದು ಅಪ್ಪ ಮತ್ತೊಮ್ಮೆ ಬೈದನು. ಇನ್ನೊಂದು ನೋಟು ಬಂತು.

ಮರುದಿನ ಬೆಳಗ್ಗೆ ಅದೇ ಜೀಪು ಲೈನ್ ಮನೆಯ ಮುಂದೆ ಬಂದಾಗ ಅಪ್ಪ ತಲೆಯ ವಸ್ತ್ರವನ್ನು ತೆಗೆದು ಕಂಕುಳಲ್ಲಿ ಇರಿಸಿಕೊಂಡನು. ಧಣಿಯೂ ನಿನ್ನೆಯ ಮಾತೆತ್ತಲಿಲ್ಲ. ಹುಡುಗನಿಗೆ ಇದು ಅರ್ಥವಾಗಲಿಲ್ಲ. ಇಂದೂ ಬೈಯಬಹುದಲ್ಲವೆ ಎಂದು ಅವನು ಅಜ್ಜಿಯನ್ನು ಕೇಳಿದನು. "ನಿನ್ನೆ ನಿನ್ನಪ್ಪ ಬೈದದ್ದು ದೇವರ ಲೆಕ್ಕಕ್ಕೆ ಹೋಯಿತು, ಮಗ. ಇಂದು ಬೈದರೆ ಅದು ಮುಂಗಡದ ಲೆಕ್ಕಕ್ಕೆ ಬರುತ್ತದೆ" ಎಂದು ಹೇಳಿ ಅವಳು ಒಲೆಗೆ ಸೌದೆ ಒತ್ತಿದಳು.

ಕೆಳಗಿನವರು ಮೇಲಿನವರನ್ನು ಒಂದು ದಿನದ ಮಟ್ಟಿಗೆ ಕೆಣಕಬಹುದೆಂಬ ಪದ್ಧತಿ ಲೋಕದ ಹಲವೆಡೆ ಉಂಟು. ಪ್ರಾಚೀನ ರೋಮಿನಲ್ಲಿ ಡಿಸೆಂಬರಿನಲ್ಲಿ ನಡೆಯುತ್ತಿದ್ದ ಸ್ಯಾಟರ್ನೇಲಿಯ ಎಂಬ ಹಬ್ಬದಲ್ಲಿ ದಾಸರು ಒಡೆಯರೊಡನೆ ಸರಿಸಮನಾಗಿ ಉಂಡು ಬಾಯಿಗೆ ಬಂದುದನ್ನು ಆಡಬಹುದಾಗಿತ್ತು. ಅಕ್ಟೋಬರ್ 31ರ ರಾತ್ರಿ ಅಮೆರಿಕದ ಮಕ್ಕಳು ಭೂತಪ್ರೇತಗಳ ವೇಷ ಧರಿಸಿ ಮನೆಮನೆಯ ಬಾಗಿಲು ತಟ್ಟಿ, ಸಿಹಿ ಕೊಡುವಿರೋ ಕೀಟಲೆ ಮಾಡೋಣವೋ ಎಂದು ಕೇಳುತ್ತಾರೆ. ಹ್ಯಾಲೋವೀನ್ ಎಂಬ ಆ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್‌ಲೆಂಡ್‌ಗಳ ಹಳೆಯ ಜನರ ಸುಗ್ಗಿಯ ಕೊನೆಯ ಇರುಳಿನಲ್ಲಿದೆ ಎನ್ನುತ್ತಾರೆ. ಕಡಲಾಚೆ ನೆಲೆಸಿದ ಕನ್ನಡಿಗರ ಮಕ್ಕಳೂ ಈಗ ಕುಂಬಳಕಾಯಿಯನ್ನು ಕೊರೆದು ಅದರೊಳಗೆ ದೀಪವಿಟ್ಟು ನಲಿಯುತ್ತಾರೆ. ನಮ್ಮ ನಾಡಿನಲ್ಲಿಯೇ ಹೋಳಿ ಹುಣ್ಣಿಮೆಯ ಹಿಂದಿನ ಇರುಳುಗಳಲ್ಲಿ ಕಾಮನನ್ನು ಸುಡಲು ಕಟ್ಟಿಗೆ ಕುಳ್ಳು ಕದಿಯುವ ಹುಡುಗರನ್ನು ಯಾರೂ ಕಳ್ಳರೆನ್ನುವುದಿಲ್ಲ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ಜ್ಯೋತಿ ಹೊತ್ತು ಮನೆಮನೆಗೆ ಹಾಡುತ್ತ ಬಂದರೆ ಬಾಗಿಲು ತೆರೆಯದ ಮನೆಯಿಲ್ಲ. ವೇಷ, ಬಾಗಿಲು, ಬೇಡಿಕೆ ಎಲ್ಲೆಡೆಯೂ ಒಂದೇ. ಆದರೆ ಅಮೆರಿಕದ ಮಗು ಬೇಡುವುದು ಮಿಠಾಯಿಯನ್ನು; ಕುಂಡೆ ಹಬ್ಬದ ಮಗು ತನ್ನ ತಂದೆ ತಲೆಯೆತ್ತಿ ಬೇಡುವುದನ್ನು ನೋಡುತ್ತದೆ. ಈ ಅಂತರ ಸಣ್ಣದಲ್ಲ.

ಮಧ್ಯಾಹ್ನದ ಹೊತ್ತಿಗೆ ತಂಡಗಳೆಲ್ಲ ದೇವರಪುರದ ಗುಡಿಯನ್ನು ಮುಟ್ಟುತ್ತಿದ್ದವು. ಅಂಗಳದಲ್ಲಿ ಧೂಳು, ಡಬ್ಬ, ಬೈಗುಳ, ಬೆವರು. ಬಿದಿರಿನ ಚೌಕಟ್ಟಿಗೆ ಬಟ್ಟೆ ಹೊದಿಸಿದ ಕುದುರೆಗಳು ಕುಣಿಯುತ್ತಿದ್ದವು. ಹರಕೆಯ ಕೋಳಿಗಳನ್ನು ಕಂಕುಳಲ್ಲಿ ಅವುಚಿಕೊಂಡ ಹೆಂಗಸರು ನೂಕುನುಗ್ಗಲಿನಲ್ಲಿ ನಿಂತಿರುತ್ತಿದ್ದರು. ಅಪ್ಪ ಗುಡಿಯ ಮುಂದೆ ನಿಂತು ಕೊನೆಯ ಸಲ ದೇವರನ್ನು ಗಟ್ಟಿಯಾಗಿ ಬೈದು, ಆಮೇಲೆ ಬೇಡಿದ ಕಾಸಿನಲ್ಲಿ ಒಂದಿಷ್ಟನ್ನು ತಪ್ಪುಕಾಣಿಕೆಯಾಗಿ ಹಾಕಿ ಅಡ್ಡಬೀಳುತ್ತಿದ್ದನು. ಬೈದದ್ದೂ ನಿಜ, ತಪ್ಪೊಪ್ಪಿಕೊಂಡದ್ದೂ ನಿಜ. ಉಳಿದ ಹಣದಲ್ಲಿ ಮಕ್ಕಳಿಗೆ ಬೆಲ್ಲದ ಮಿಠಾಯಿ, ಬಣ್ಣದ ಐಸ್ ಕಡ್ಡಿ. ದೊಡ್ಡವರಿಗೆ ದೊಡ್ಡವರ ಪಾಲು. ಕೆಲವರ ಮಟ್ಟಿಗೆ ಈ ಪಾಲು ಮಿತಿಮೀರುತ್ತಿದ್ದುದನ್ನೂ, ಅಂಥ ಮನೆಗಳಲ್ಲಿ ಇರುಳು ಹೆಂಗಸರು ಅತ್ತದ್ದನ್ನೂ ಮುಚ್ಚಿಡಬೇಕಾಗಿಲ್ಲ. ಹುಡುಗನ ಅಪ್ಪ ಮಾತ್ರ ಹಿಂದಿರುಗುವ ದಾರಿಯಲ್ಲಿ ತೊರೆಯ ನೀರಿನಲ್ಲಿ ಮಸಿ ತೊಳೆದುಕೊಂಡು, ಸೀರೆಯನ್ನು ಬಿಚ್ಚಿ, ಕೊಡವಿ, ಮಡಿಸಿ ಅವ್ವನ ಕೈಗೆ ಕೊಡುತ್ತಿದ್ದನು. ಮಸಿ ಕಿವಿಯ ಹಿಂದೆ ಎರಡು ದಿನ ಉಳಿದಿರುತ್ತಿತ್ತು.

ಕಾಲ ಬದಲಾಯಿತು. ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1988ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಹುಲಿಗೂ ಆನೆಗೂ ನೆಮ್ಮದಿಯ ನೆಲ ಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ನೆಲದಲ್ಲಿ ಬೇಟೆ ನಿಂತಿತು, ಬೇಸಾಯ ನಿಂತಿತು, ಗೆಡ್ಡೆ ಅಗೆಯುವುದೂ ಜೇನು ಕೀಳುವುದೂ ಅಂಜುತ್ತ ಮಾಡುವ ಕೆಲಸಗಳಾದವು. 1990ರ ದಶಕದ ಕೊನೆಯಿಂದ ಅನೇಕ ಕುಟುಂಬಗಳು ಕಾಡಿನ ಹೊರಗೆ, ವೀರನಹೊಸಹಳ್ಳಿಯ ಸಮೀಪದ ನಾಗಾಪುರದ ಪುನರ್ವಸತಿ ಹಾಡಿಗಳಿಗೆ ಬಂದವು. ಅಲ್ಲಿ ಸಾಲುಮನೆಗಳಿವೆ, ಹೊಲಗಳಿವೆ, ಶಾಲೆಯಿದೆ. ಹಲವರು ಇನ್ನೂ ಒಳಗಿನ ಹಾಡಿಗಳಲ್ಲಿಯೇ ಉಳಿದಿದ್ದಾರೆ. 2006ರ ಅರಣ್ಯಹಕ್ಕು ಕಾಯ್ದೆಯ ಅಡಿಯಲ್ಲಿ ತಮ್ಮ ನೆಲವನ್ನು ಕೇಳಿ ಅರ್ಜಿ ಹಾಕಿದವರೂ ಉಂಟು. ದೊಡ್ಡವನಾದ ಹುಡುಗನು ಹೆಂಡತಿ ಮಕ್ಕಳೊಂದಿಗೆ ಹೊರಗೆ ಬಂದವರ ಗುಂಪಿನಲ್ಲಿದ್ದನು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅವಳನ್ನು ಮಣ್ಣುಮಾಡಿದ ತಾಣ ಬೇಲಿಯ ಒಳಗೆ ಉಳಿಯಿತು. ನಡುಗಾಡಿನಲ್ಲಿ ದೇವರು ಕೈಬಿಟ್ಟ ಕಥೆಯನ್ನು ಈಗ ಅವನು ಮಕ್ಕಳಿಗೆ ಹೇಳುವಾಗ, ಕಥೆಯೊಳಗೆ ನಡುಗಾಡು ಮಾತ್ರ ಇರುತ್ತದೆ. ತೋರಿಸಲು ಕಿಟಕಿಯಾಚೆ ಇರುವುದು ಜೋಳದ ಹೊಲ.

ಹಬ್ಬವೂ ಬದಲಾಗಿದೆ. ಸೀಮೆಎಣ್ಣೆಯ ಡಬ್ಬದ ಜಾಗದಲ್ಲಿ ಪ್ಲಾಸ್ಟಿಕ್ ಕೊಡ, ಇದ್ದಿಲಿನ ಜಾಗದಲ್ಲಿ ಅಂಗಡಿಯ ಬಣ್ಣ, ಸೀರೆಯ ಜಾಗದಲ್ಲಿ ಎಷ್ಟೋ ಸಲ ನೈಟಿ. ರಬ್ಬರಿನ ಭೂತದ ಮುಖವಾಡಗಳೂ ಕಾಣಿಸಿಕೊಂಡಿವೆ. ದೂರದೂರುಗಳಿಂದ ಬಂದವರು ಮೊಬೈಲುಗಳನ್ನು ಎತ್ತಿ ಹಿಡಿದು ಚಿತ್ರೀಕರಿಸುತ್ತಾರೆ. ಕಾಸು ಕೇಳಿದರೆ ಕೆಲವರು ಚಿತ್ರ ತೆಗೆದುಕೊಂಡು ಸುಮ್ಮನೆ ಸರಿಯುವುದುಂಟು. ಹಿಂದಿನ ಕಾಲದ ಧಣಿಯಾದರೂ ನಕ್ಕು ನೋಟು ಕೊಡುತ್ತಿದ್ದನು.

ಅವನ ಮಗಳು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ 'ನಾನು ಮೆಚ್ಚಿದ ಹಬ್ಬ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದರು. ಹುಡುಗಿ ದೀಪಾವಳಿಯ ಬಗ್ಗೆ ಬರೆದಳು. ಎಣ್ಣೆಸ್ನಾನ, ಹೋಳಿಗೆ, ಹೊಸ ಬಟ್ಟೆ, ಪಟಾಕಿ, ಎಲ್ಲವೂ ಅದರಲ್ಲಿದ್ದವು. ಅಕ್ಷರ ದುಂಡಾಗಿತ್ತು, ಹತ್ತಕ್ಕೆ ಎಂಟು ಅಂಕ ಬಂದಿತು. ರಾತ್ರಿ ಅವಳು ಅದನ್ನು ಅಪ್ಪನಿಗೆ ಓದಿ ಹೇಳಿದಳು. ಅವರ ಮನೆಯಲ್ಲಿ ಹೋಳಿಗೆ ಮಾಡಿದ್ದು ಅವನಿಗೆ ನೆನಪಾಗಲಿಲ್ಲ.

"ನಮ್ಮ ಹಬ್ಬದ ಬಗ್ಗೆ ಏಕೆ ಬರೆಯಲಿಲ್ಲ, ಮಗ?" ಎಂದು ಕೇಳಿದನು.

ಅವಳು ತಲೆ ತಗ್ಗಿಸಿದಳು. "ಹೆಸರನ್ನು ಹೇಗಪ್ಪ ಬರೆಯುವುದು? ಎಲ್ಲರೂ ನಗುತ್ತಾರೆ."

"ನಗಲಿ ಅಂತಲೇ ಅಲ್ಲವೇ ಆ ಹೆಸರು?" ಎಂದನು ಅಪ್ಪ.

ಅವಳು ಒಪ್ಪಲಿಲ್ಲ. ಹಾಡಿಯಲ್ಲಿ ನಗುವ ನಗೆಯೇ ಬೇರೆ, ತರಗತಿಯಲ್ಲಿ ನಗುವ ನಗೆಯೇ ಬೇರೆ ಎಂದಳು. ಹನ್ನೆರಡು ವರ್ಷದ ಹುಡುಗಿಯ ಈ ಮಾತಿಗೆ ಅವನಲ್ಲಿ ಉತ್ತರವಿರಲಿಲ್ಲ. ಅವನು ತಾನು ಏಳೆಂಟು ವರ್ಷದವನಿದ್ದಾಗ ಕಂಡ ಜೀಪಿನ ಸಂಗತಿಯನ್ನು ಅವಳಿಗೆ ಹೇಳಿದನು. ಅವಳ ತಾತ ತಲೆಯ ವಸ್ತ್ರವನ್ನು ಕಂಕುಳಲ್ಲಿ ಇರಿಸಿಕೊಳ್ಳುತ್ತಿದ್ದುದನ್ನು ಮೊದಲು ಹೇಳಿದನು, ರಸ್ತೆಯ ನಡುವೆ ನಿಂತುದನ್ನು ಆಮೇಲೆ ಹೇಳಿದನು, ಮರುದಿನ ಬೆಳಗಿನದನ್ನೂ ಬಿಡಲಿಲ್ಲ. ಕೂಲಿಯ ದರವನ್ನು ಹಾಡಿಗೆ ಹೇಗೆ ಸೇರಿಸಿದರೆಂದು ಅವಳು ಕೇಳಿದಳು. ಆ ಸಾಲುಗಳನ್ನು ಅವನು ಹಾಡಿಯೇ ತೋರಿಸಬೇಕಾಯಿತು. ಒಳಗಿನಿಂದ ಹೆಂಡತಿ ಗದರಿದಳು.

ಮುಂದಿನ ಮೇ ತಿಂಗಳಲ್ಲಿ ಅವಳು ತಾನೂ ಬರುತ್ತೇನೆಂದು ಹಟ ಹಿಡಿದಳು. ವೀರನಹೊಸಹಳ್ಳಿಯ ಕಡೆಯಿಂದ ದೇವರಪುರಕ್ಕೆ ಈಗ ನಡೆದು ಹೋಗುವಂತಿಲ್ಲ. ಒಳದಾರಿಗಳು ಬೇಲಿಯಾಚೆ ಉಳಿದಿವೆ. ಬಸ್ಸು ಹಿಡಿದು, ಇಳಿದು, ಮತ್ತೊಂದು ಬಸ್ಸು ಹಿಡಿದು, ಆನೆಚೌಕೂರಿನ ಕಾಡನ್ನು ಹಾದು ತಿತಿಮತಿಯನ್ನು ತಲುಪಬೇಕು. ಆ ಬೆಳಗ್ಗೆ ಎರಡನೆಯ ಬಸ್ಸನ್ನು ಏರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೀರೆಯುಟ್ಟ ಗಂಡಸರಾಗಿದ್ದರು. ಕಿಟಕಿಯ ಬಳಿ ಕುಳಿತ ಹುಡುಗಿಯ ಕೆನ್ನೆಗಳ ಮೇಲೆ ಸುಣ್ಣದ ಎರಡು ಗೆರೆ, ಮಡಿಲಲ್ಲಿ ಮುತ್ತಜ್ಜಿಯ ಕಾಲದಂತೆಯೇ ಒಣಗಿಸಿದ ಸೋರೆಬುರುಡೆ. ಕಂಡಕ್ಟರನು ಟಿಕೆಟ್ ಕೇಳುತ್ತ ಅವರ ಸಾಲಿಗೆ ಬಂದನು. ಅಪ್ಪ ಜೇಬಿಗೆ ಕೈ ಹಾಕುವ ಮೊದಲೇ ಅವಳು ಬುರುಡೆಯನ್ನು ಅಲ್ಲಾಡಿಸಿ, ಮೊದಲು ಮೆಲ್ಲಗೆ, ಆಮೇಲೆ ಬಸ್ಸಿನವರೆಲ್ಲ ತಿರುಗಿ ನೋಡುವಂತೆ, ಅವನ ಚೀಲವನ್ನೂ ಸೀಟಿಯನ್ನೂ ಚಿಲ್ಲರೆ ಕೊಡದ ಅವನ ಚಾಳಿಯನ್ನೂ ಹೆಸರಿಸಿ ಬೈದು ಕೈಯೊಡ್ಡಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನು ಕಿವಿಗೆ ಸಿಕ್ಕಿಸಿದ್ದ ಪೆನ್ನನ್ನು ಸರಿಪಡಿಸಿಕೊಂಡು, ಚೀಲದ ತಳದಲ್ಲಿ ತಡಕಾಡಿ, ತನ್ನ ಸ್ವಂತದ ಹತ್ತು ರೂಪಾಯಿಯನ್ನು ತೆಗೆದು ಅವಳ ಅಂಗೈಯಲ್ಲಿ ಇಟ್ಟನು. ಟಿಕೆಟ್ಟಿನ ಹಣವನ್ನು ಮಾತ್ರ ಬಿಡಲಿಲ್ಲ.